ತಂಗಿ ನುಂಗಿದ ಮಧ್ಯಾಹ್ನ

ರಾಗಿ ಸರಿ ಕುದಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಚಾಮರಾಜಪುರಂ ಮನೆಯ ನಡುಮನೆ ನೆನಪಾಗುತ್ತದೆ.

ತಂಗಿಗೆ ಒಂದೂವರೆ ವರ್ಷವಾದರೂ ಕೂರಲು ಬರುತ್ತಿರಲಿಲ್ಲ. ಬಾಯಿಗಿಟ್ಟ ಸರಿಯನ್ನು ನಾಲಿಗೆಯಿಂದ ಹೊರಗೆ ತಳ್ಳಿಬಿಡುತ್ತಿದ್ದಳು; ಬಲವಂತ ಮಾಡಿದರೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಗುತ್ತಿತ್ತು. ಆ ಮಧ್ಯಾಹ್ನ ಅಮ್ಮ, ಆಸ್ಪತ್ರೆಯ ಥೆರಪಿಯವರು ಹೇಳಿಕೊಟ್ಟಂತೆ, ಅವಳ ಬೆನ್ನನ್ನು ತನ್ನೆದೆಗೆ ಆನಿಸಿಕೊಂಡು, ಗದ್ದ ಹಿಡಿದು, ಚಮಚದ ತುದಿಯಲ್ಲಿ ಚೂರು ಚೂರೇ ತಿನ್ನಿಸುತ್ತಿದ್ದಳು.

ಬಾಗಿಲಲ್ಲಿ ನಿಂತ ಪಕ್ಕದ ಮನೆಯಾಕೆ, "ಈ ವಯಸ್ಸಿಗೆ ನಮ್ಮನೆ ಮಗು ಓಡಾಡ್ತಿತ್ತು ಕಣಮ್ಮ," ಎಂದರು. ಅಮ್ಮ ಚಮಚವನ್ನು ಮತ್ತೆ ಸರಿಯಲ್ಲಿ ಅದ್ದಿದಳು.

"ನಮ್ದು ನಿಧಾನಕ್ಕೆ ಓಡಾಡುತ್ತೆ ಬುಡಿ," ಎಂದಳು ಅಜ್ಜಿ ಅಡುಗೆಮನೆಯಿಂದ.

ಆಕೆ ಹೋದ ಮೇಲೆ ತಂಗಿಯ ಗಂಟಲು ಮೆಲ್ಲಗೆ ಅಲುಗಿತು. ಕೆಮ್ಮು ಬರಲಿಲ್ಲ.

"ಅಮ್ಮಾ, ನುಂಗಿದ್ಲು!" ಎಂದು ಕೂಗಿದೆ ನಾನು.

"ಶ್, ಮೆತ್ತಗೆ ಮಾತಾಡೋ."

ಅಮ್ಮನದು ಇನ್ನೂ ಊಟವಾಗಿರಲಿಲ್ಲ. ಅಲುಗಾಡಲೂ ಹೆದರಿ ಹಾಗೇ ಕೂತಿದ್ದಳು. ಅಜ್ಜಿ ಹುಳಿ ಅನ್ನ ಕಲಸಿ ತಂದು ಸೊಸೆಯ ಪಕ್ಕ ಕೂತಳು.

"ನೀನು ಅವಳಿಗೆ ಕೊಡು, ನಾನು ನಿಂಗೆ ಕೊಡ್ತೀನಿ. ಬಾಯಿ ತೆಗಿ."

ಅಮ್ಮ ಬಾಯಿ ತೆರೆದಳು. ತುತ್ತು ಅಗಿಯುತ್ತಿದ್ದಂತೆ ಅವಳ ಕಣ್ಣಿಂದ ನೀರಿಳಿಯಿತು. ಅಜ್ಜಿ ಸೆರಗಿನಿಂದ ಒರೆಸಿ, ಮುಂದಿನ ತುತ್ತು ಕಟ್ಟಿದಳು.