ತೂಬಿನ ಬೆಳಕು

ಒಂದೀಟು ನಿಂತು ಇದೊಂದು ಕೇಳಿ ಹೋಗ್ರಿ. ನಡುವ ಎದ್ದು ಹೋಗಬ್ಯಾಡ್ರಿ ಮತ್ತ, ಕಡೀಕ ನಿಮಗೊಂದು ಮಾತು ಕೇಳೋದೈತಿ.

ತುಂಗಭದ್ರಾ ಕಾಲುವಿ ನೀರು ಜವಳಗೇರಾಕ್ಕ ಬಂದ ಮರುವರ್ಷ. ಸಾಲಿ ಮಾಸ್ತರ ಕರಿಬಸಯ್ಯಗ ಒಂದ ಹುಚ್ಚು, ನೀರಿನಿಂದ ಕರೆಂಟು ತೆಗೀಬೇಕು. ಹೊಗಿ ಇಲ್ಲ, ಎಣ್ಣಿ ಇಲ್ಲ, ನೀರು ಬೀಳ್ತಾವ, ದೀಪ ಹತ್ತತೈತಿ! ಸಿಂಧನೂರಿನ ಗುಜರಿಯಾಗ ಲಾರಿದೊಂದು ಹಳೇ ಡೈನಮೋ ಹುಡುಕಿ ತಂದ. ಸೈಕಲ್ ಅಂಗಡಿ ಶಾಮೀದಸಾಬ ಬಂಡಿ ಗಾಲಿಗೆ ತಗಡು ಬಡಿದು ಕೊಟ್ಟ. ಊರಾಗ ನೀರು ರಭಸದಿಂದ ಧುಮುಕೋ ಜಾಗ ಒಂದ ಒಂದು, ದೊಡ್ಡಬಸಪ್ಪನ ಗದ್ದಿಗೆ ನೀರು ಬಿಡೋ ತೂಬು. ಅಲ್ಲೇ ಗಾಲಿ ಕೂಡಿಸಿ ತೂಬು ಎತ್ತಿದ. ಗಾಲಿ ತಿರುಗ್ತು. ಮಗ್ಗಲ ಗುಡಿಸಲದಾಗ ಲಾರಿ ದೀಪ ಭಗ್ ಅಂತ ಹತ್ತಿತು. ಮಂದಿ ಹೋ ಅಂದ್ರು.

"ಅಯ್ಯಾರ, ದಿನಾ ಸಂಜಿಕ ಹಚ್ರಿ," ಅಂದ ದೊಡ್ಡಬಸಪ್ಪ. ವಾರಕ್ಕ ಎರಡ ದಿನ ಅವನ ನೀರಿನ ಸರದಿ. "ಸರದಿ ಇರಲಿ ಬಿಡಲಿ, ತೂಬು ಎತ್ರಿ. ನೀರಗಂಟಿಗೆ ನಾ ಹೇಳ್ತೀನಿ. ಊರಿಗೆ ಬೆಳಕಾಗಬೇಕ್ರಿ!"

ಕರಿಬಸಯ್ಯ ಖುಷಿಲೆ ಮರುದಿನಾನ ತೂಬು ಎತ್ತಿದ. ಗುಡಿಸಲದಾಗ ಸಂಜಿ ಸಾಲಿ ಚಾಲೂ ಮಾಡಿದ. ಕೂಲಿನಾಲಿ ಮುಗಿಸಿ ಹನ್ನೊಂದು ಮಂದಿ ಬಂದ್ರು. ಎಲ್ಲಾರಿಗಿಂತ ಚುರುಕು ಗ್ಯಾನಮ್ಮ. ಕಾಲುವಿ ಕಡೀ ತುದಿಗೆ ಆಕಿದು ಎರಡೆಕರೆ. ದೊಡ್ಡಬಸಪ್ಪನ ತೂಬು ದಾಟಿ ಉಳಿದ ನೀರು ಆಕಿಗೆ.

ನಾಕು ತಿಂಗಳಾದ ಮ್ಯಾಲ ಒಂದಿನ ಆಕಿ ಕಾಗದ ಮುಂದಿಟ್ಟಳು.

"ಮಾಸ್ತರ್ರೀ, ನಾನ ಬರದೀನಿ. ಕಾಲುವಿ ಸಾಹೇಬ್ರಿಗೆ ಅರ್ಜಿ."

'ಸರದಿ ಇಲ್ಲದ ದಿನಾನೂ ತೂಬು ಎತ್ತತಾರ. ನೀರೆಲ್ಲಾ ದೊಡ್ಡಬಸಪ್ಪನ ಗದ್ದಿಗೆ ಹೋಗ್ತಾವ. ನನ್ನ ಸಸಿ ಒಣಗಾಕತ್ತಾವ. ತೂಬಿಗೆ ಕೀಲಿ ಹಾಕಸ್ರಿ.'

ಕರಿಬಸಯ್ಯ ಓದಿ, ಕಾಗದ ಕೈಯಾಗ ಹಿಡಕೊಂಡ ಬಾಗಲಕ ಬಂದು ಹೊರಗ ನೋಡಿದ. ಇಷ್ಟು ದಿನ ಗಾಲಿ ನೋಡಿದ್ದ, ದೀಪ ನೋಡಿದ್ದ. ಗಾಲಿ ದಾಟಿದ ನೀರು ಎಲ್ಲಿಗೆ ಹೋಗ್ತಾವ ಅಂತ ನೋಡಿದ್ದಿಲ್ಲ. ಮುಳುಗೋ ಹೊತ್ತಿನಾಗ ದೊಡ್ಡಬಸಪ್ಪನ ನೆಲ್ಲು ಹಸರಂದ್ರ ಹಸರು ನಿಂತಿತ್ತು.

"ಕೀಲಿ ಬಿದ್ರ ದೀಪಾನೂ ಇಲ್ಲ, ನಿನ್ನ ಸಾಲೀನೂ ಇಲ್ಲ ಯಕ್ಕ."

"ಗೊತ್ತೈತ್ರಿ. ಬರೇ ನನ್ನ ಮಾತು ಸಾಹೇಬ್ರು ನಂಬಂಗಿಲ್ಲ. ದಿನಾ ತೂಬು ಎತ್ತೋರು ನೀವ. ಕೆಳಗ ನಿಮ್ಮ ದಸ್ಕತ್ತು ಹಾಕ್ರಿ."

ಅಷ್ಟರಾಗ ಸ್ವತಃ ದೊಡ್ಡಬಸಪ್ಪ ಒಳಗ ಬಂದ. "ಏನಬೇ ಗ್ಯಾನಮ್ಮ, ಕಾಗದ ಬರಿಯೋವಷ್ಟು ಶಾಣ್ಯಾಕಿ ಆದ್ಯಾ?" ಅಂತ ನಕ್ಕು, ಹೆಗಲ ಮ್ಯಾಗಿನ ಟವಲ್ಲು ಹಾಸಿಕೊಂಡು ಮುಂದ ಕುಂತ. "ಎಲ್ಲಾ ನಮ್ಮ ತೂಬಿನ ಪುಣ್ಯಾ! ಓದ್ರಿ ಅಯ್ಯಾರ, ನನಗಂತೂ ಓದಾಕ ಬರಂಗಿಲ್ಲ, ಜೋರಾಗಿ ಓದ್ರಿ. ಎಲ್ಲಾರೂ ಕೇಳ್ಲಿ."

ಉಳಿದ ಹತ್ತು ಮಂದಿ ಪಾಟಿ ಕೆಳಗಿಟ್ರು. ಗ್ಯಾನಮ್ಮ ಕಣ್ಣು ಪಿಳುಕಿಸದಂಗ ಮಾಸ್ತರನ್ನ ನೋಡಾಕತ್ತಿದ್ದಳು. ಹೊರಗ ಗಾಲಿ ಕಿರ್ ಕಿರ್ ಅಂತ ತಿರುಗತಿತ್ತು. ಸರಿಯಾಗಿ ಕಾಣವಲ್ದು ಅಂತ ಸುಳ್ಳು ಹೇಳಾಕೂ ಬರಂಗಿದ್ದಿಲ್ಲ, ಅಷ್ಟು ಬೆಳ್ಳಗ ಉರೀತಿತ್ತು ದೀಪ.

ಹೇಳ್ರಿ, ಆ ಕಾಗದ ನಿಮ್ಮ ಕೈಯಾಗ ಇದ್ದಿದ್ರ, ಏನು ಓದ್ತಿದ್ರಿ?