ಹೊಡೆದುಹಾಕಿದ ಓಟ

"ಆ ಹತ್ತನೇ ಓಟಾನ ಬಿಟ್ಟಾಕು ಜುರೆಮಾ. ಯಾರೋ ಅದೇ ಕಂಪ್ಯೂಟರಲ್ಲಿ ಫುಟ್‌ಬಾಲ್ ನೋಡ್ತಿದ್ದಿರಬೇಕು," ಎಂದ ಒಟಾವಿಯೊ. ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಬದಲಿಸಿದಾಗಲೆಲ್ಲ ಪ್ರೋಗ್ರಾಮನ್ನು ಹತ್ತು ಸಲ ಓಡಿಸಿ, ಅತಿ ನಿಧಾನದ ಓಟವನ್ನು ಹೊಡೆದುಹಾಕಿ ಸರಾಸರಿ ತೆಗೆಯುವುದು ಬ್ರೆಜಿಲ್‌ನ ಕಂಪಿನಾಸ್‌ ನಗರದ ಆ ತಂಡದ ರೂಢಿ. ಈ ಸಲದ ಸರಾಸರಿ ಶೇಕಡಾ ಆರು ಚುರುಕಾಗಿತ್ತು. ಪ್ರೋಗ್ರಾಮು ಆಸ್ಪತ್ರೆಯ ಉಸಿರಾಟದ ಯಂತ್ರದ್ದು.

ಜುರೆಮಾಳ ಬೆರಳು ಅಳಿಸುವ ಕೀಲಿಯ ಮೇಲೆ ನಿಂತಿತು. "ಇದರಲ್ಲಿ ಅಲಾರಂ ಒಂಬತ್ತು ಸೆಕೆಂಡ್ ತಡವಾಗಿ ಹೊಡ್ದಿದೆ."

"ಹತ್ತರಲ್ಲಿ ಒಂದು ಸಲ ತಾನೇ, ಮಾರಾಯ್ತಿ."

"ರೋಗಿಗೆ ಸರಾಸರಿ ಉಸಿರು ಸಾಕೇನೋ?"

ಅವಳು ಹೋದ ತಿಂಗಳ ಬದಲಾವಣೆಯ ಕಡತ ತೆರೆದಳು. ಆ ಬದಲಾವಣೆ ಆಗಲೇ ಹದಿನಾಲ್ಕು ಆಸ್ಪತ್ರೆಗಳ ಯಂತ್ರಗಳಲ್ಲಿತ್ತು. ಹೊಡೆದುಹಾಕಿದ ಓಟದಲ್ಲಿ ಅದೇ ಒಂಬತ್ತು ಸೆಕೆಂಡ್. ಪಕ್ಕದಲ್ಲಿ ಟಿಪ್ಪಣಿಯಿತ್ತು: 'ಯಾರೋ ಫುಟ್‌ಬಾಲ್ ನೋಡುತ್ತಿದ್ದರು.' ಕೆಳಗೆ ಅವಳದೇ ಹೆಸರು.