ಹತ್ತನೆಯ ಗುಂಡು

"ಪಾರಿವಾಳದ ಕಾಟ ಸರ್, ಒಂದು ಏರ್‌ಗನ್ ಬೇಕಿತ್ತು," ಅಂದ ಗಿರಾಕಿ.

"ಇದನ್ನ ತಗೊಳ್ಳಿ," ಅಂದ ಅಂಗಡಿಯವನು. "ಒಂದ್ಸಲ ಗಾಳಿ ತುಂಬಿದ್ರೆ ಹತ್ತು ಗುಂಡು ಒಂದರ ಹಿಂದೊಂದು ಹೋಗುತ್ತೆ. ನನ್ನದೂ ಇದೇ. ಮೊನ್ನೆ ಭಾನುವಾರ ನಮ್ಮ ಮಹಡಿಯಿಂದ ಒಂದಕ್ಕೆ ಹೊಡೆದೆ."

"ಸಾಕಿದ್ದಲ್ಲ ತಾನೆ?"

"ಸಾಕಿದ್ದೇ. ಕಾಲಲ್ಲಿ ಹಸಿರು ರಿಂಗ್ ಇತ್ತು. ಏಟು ತಿಂದೂ ಹಾರಿಹೋಯ್ತು, ಮುಂಡೇದು!"

ಗಿರಾಕಿ ಗನ್ನನ್ನು ಭುಜಕ್ಕಿಟ್ಟು ನೋಡಿದ. "ಇದೇ ಇರಲಿ. ಗಾಳಿ, ಗುಂಡು ಎರಡೂ ತುಂಬಿಕೊಡಿ."

ತುಂಬಿಕೊಟ್ಟ ಅಂಗಡಿಯವನು ಖಾಲಿ ಡಬ್ಬಿ ಅಲ್ಲಾಡಿಸಿದ. "ಒಂಬತ್ತೇ ಇದ್ದಿದ್ದು. ಹೊಸ ಡಬ್ಬಿ ಒಡೀಲಾ?"

"ಬೇಡ." ಗಿರಾಕಿ ಬಾಗಿಲ ಚಿಲಕ ಹಾಕಿ ಬಂದು, ಹಸಿರು ರಿಂಗನ್ನೂ ಚಪ್ಪಟೆಯಾದ ಗುಂಡೊಂದನ್ನೂ ಮೇಜಿನ ಮೇಲಿಟ್ಟ. "ಹತ್ತನೇದನ್ನ ಅದು ಎದೇಲಿಟ್ಕೊಂಡು ಮನೆಗೆ ತಂದಿತ್ತು."